ಮಂಡಿನೋವಿನ ಸತ್ಯಾಗ್ರಹ

ಬಾಣಂತನಕ್ಕೆಂದು ವಿಮಾನ ಹತ್ತುವ ಅಜ್ಜಿಯರದ್ದೇ ಒಂದು ಪಂಗಡ ಈಗ ನಮ್ಮ ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ತಯಾರಾಗಿದೆ. ಮದುವೆ ಮನೆಯ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತರೆ ಅಡಿಕೆ ದರ ವಿಚಾರಿಸುವುದಕ್ಕೂ ಮೊದಲು "ನಿಂಗಳದ್ದು ಯಾವ ದೇಶ?" ಎಂದು ಕೇಳಿಕೊಳ್ಳುತ್ತಾರೆ. ಅಮೆರಿಕ ಮುಗಿಸಿ ಬಂದವರು ಹಿಮ ಬಾಚಿದ್ದನ್ನು ಹೇಳುತ್ತಾರೆ. ಆಸ್ಟ್ರೇಲಿಯಾಕ್ಕೆ ಹೋದವರು ವಿಮಾನ ನಿಲ್ದಾಣದ ಕಸದ ಬುಟ್ಟಿಗೆ ಬಿದ್ದ ಬಾಣಂತಿ ಲೇಹ್ಯವನ್ನು ನೆನೆದು ಇವತ್ತಿಗೂ ಕಣ್ಣೊರೆಸಿಕೊಳ್ಳುತ್ತಾರೆ. ನನ್ನ ಪಾಲಿಗೆ ಬಂದದ್ದು ಇಂಗ್ಲೆಂಡು, 2023ರ ವಸಂತ.

ಬಾಣಂತನದ ಕಷ್ಟವೇನೆಂದರೆ, ಅದು ದಿನಕ್ಕೆ ನಾಲ್ಕು ತಾಸಿನ ಕೆಲಸ. ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿ, ಧೂಪ ಹಾಕಲು ಹೋಗಿ ಹೊಗೆಯ ಅಲಾರಂ ಕೂಗಿಸಿ, ಬಾಣಂತಿಗೆ ಬೆಳ್ಳುಳ್ಳಿ ಸಾರು ಬಡಿಸಿದ ಮೇಲೆ ಇಬ್ಬರೂ ನಿದ್ದೆ ಹೋಗುತ್ತಾರೆ. ಆಮೇಲೆ ಅಜ್ಜಿ ಕಿಟಕಿಯಿಂದ ರಸ್ತೆ ನೋಡಬೇಕು. ಇಂಗ್ಲೆಂಡಿನ ರಸ್ತೆಯಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ. ಒಂದು ದನ ಕೂಡ ಹಾಯುವುದಿಲ್ಲ. ನನ್ನ ಚಡಪಡಿಕೆ ನೋಡಲಾರದೆ ಅಳಿಯನೇ ಒಂದು ದಾರಿ ಹುಡುಕಿದ. ಬೀದಿಯ ಕೊನೆಯಲ್ಲಿ ಒಂದು ಸಮುದಾಯ ಭವನ. ಅಲ್ಲಿ ಒಂಟಿ ಮುದುಕ ಮುದುಕಿಯರಿಗೆ ವಾರದಲ್ಲಿ ಎರಡು ದಿನ ಚಹಾ, ಬ್ರೆಡ್ಡು, ಸೂಪು ಕೊಡುತ್ತಿದ್ದರು. ಸ್ವಯಂಸೇವಕರು ಬೇಕಾಗಿದ್ದರು. ನೋಂದಾಯಿತ ದತ್ತಿಸಂಸ್ಥೆಯಾದರೆ ಪ್ರವಾಸಿ ವೀಸಾದವರೂ ಒಟ್ಟು 30 ದಿನದವರೆಗೆ ಸೇವೆ ಮಾಡಬಹುದು ಎಂದು ಆ ದೇಶದ ಕಾನೂನೇ ಹೇಳುತ್ತದಂತೆ. ಪುಕ್ಕಟೆ ಕೆಲಸ ಮಾಡುವುದಕ್ಕೂ ಮಿತಿ ಹಾಕಿದ ಸರ್ಕಾರವನ್ನು ನಾನು ಅದೇ ಮೊದಲು ಕಂಡದ್ದು. ನಮ್ಮ ಕಡೆ ಈ ಕಾನೂನು ಬಂದರೆ ಮನೆ ಹೆಂಗಸರೆಲ್ಲ ಜನವರಿ ಮುಗಿಯುವಷ್ಟರಲ್ಲಿ ಕೈತೊಳೆದುಕೊಂಡು ಕೂರಬಹುದು.

ಭವನದಲ್ಲಿ ನನಗೆ ಸಿಕ್ಕಿದ್ದು ಕಪ್ಪು ತೊಳೆಯುವ ಹುದ್ದೆ. ಜನ ಒಳ್ಳೆಯವರು. ಎಲ್ಲದಕ್ಕೂ ಥ್ಯಾಂಕ್ಯೂ, ಎಲ್ಲದಕ್ಕೂ ಸಾರಿ. ಕಾಲು ತುಳಿದವರೂ ಸಾರಿ, ತುಳಿಸಿಕೊಂಡವರೂ ಸಾರಿ. ನಮ್ಮೂರಿನ ಬಗ್ಗೆ ಕೇಳಿದರು. ಬಿಳಗಿ ಎಂದೆ. ಬಾಗಲಕೋಟೆಯ ಕಡೆಯ ಬೀಳಗಿಯಲ್ಲ, ಸಿದ್ದಾಪುರದ ಬಿಳಗಿ ಎಂದು ಅಭ್ಯಾಸಬಲದಿಂದ ಸೇರಿಸಿದೆ; ಅವರು ಗಂಭೀರವಾಗಿ ತಲೆ ಆಡಿಸಿದರು. ಒಂದು ಕಾಲದಲ್ಲಿ ನಮಗೂ ಬಿಳಗಿ ಅರಸರೆಂಬ ರಾಜರಿದ್ದರು, ಅವರು ಕಟ್ಟಿಸಿದ ರತ್ನತ್ರಯ ಬಸದಿ ಇನ್ನೂ ಇದೆ ಎಂದೆ. "ರಾಜರು?" ಎಂದು ಕೇಳಿದರು. ಅವರನ್ನೆಲ್ಲ ನಾವು ಮುಗಿಸಿಯಾಗಿದೆ ಎಂದೆ. ನನ್ನ ಇಂಗ್ಲಿಷಿನಲ್ಲಿ ಅದು ಕೊಲೆಯ ತಪ್ಪೊಪ್ಪಿಗೆಯಂತೆ ಕೇಳಿರಬೇಕು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅಷ್ಟರಲ್ಲಿ ಅವರ ರಾಜನ ಪಟ್ಟಾಭಿಷೇಕ ಬಂತು. ಮೇ 6, ಶನಿವಾರ. ಭಾನುವಾರ ಬೀದಿಬೀದಿಯಲ್ಲಿ ಊಟ, ಸೋಮವಾರ ರಜೆ. ಆ ಸೋಮವಾರಕ್ಕೆ 'ದಿ ಬಿಗ್ ಹೆಲ್ಪ್ ಔಟ್' ಎಂದು ಹೆಸರಿಟ್ಟು, ಹೊಸ ರಾಜನ ಗೌರವಾರ್ಥ ಇಡೀ ದೇಶವೇ ಸ್ವಯಂಸೇವೆ ಮಾಡಬೇಕೆಂದು ಕರೆ ಕೊಟ್ಟಿದ್ದರು. ಅಂದರೆ ನಾನು ತೊಳೆಯುತ್ತಿದ್ದ ಕಪ್ಪುಗಳು ನನಗೆ ತಿಳಿಯದೆಯೇ ಮೂರನೆಯ ಚಾರ್ಲ್ಸ್ ದೊರೆಯ ಸೇವೆಗೆ ಜಮೆಯಾಗುವುದರಲ್ಲಿದ್ದವು. ಇದು ಗೊತ್ತಾದ ದಿನ ನನ್ನೊಳಗಿನ ಸಿದ್ದಾಪುರ ತಾಲೂಕು ಎದ್ದು ಕೂತಿತು.

ಈ ತಾಲೂಕಿನ ಸ್ವಭಾವ ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬ್ರಿಟಿಷರ ಕಾಲದಲ್ಲಿ ನಾವು ಮುಂಬಯಿ ಪ್ರಾಂತದವರು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಕರಾವಳಿಯ ಅಂಕೋಲೆಯಲ್ಲಿ ಕಾನೂನು ಮುರಿದು ಉಪ್ಪು ಮಾಡಿದರು. ಘಟ್ಟದ ಮೇಲಿನ ನಮಗೆ ಸಮುದ್ರವಿಲ್ಲ, ಉಪ್ಪು ಕಾಯಿಸುವ ಭಾಗ್ಯವಿಲ್ಲ. ಆದರೆ ಕಂದಾಯ ಎಲ್ಲರಿಗೂ ಇತ್ತಲ್ಲ. ಅಂಕೋಲೆಯವರೂ ಸಿದ್ದಾಪುರದವರೂ ಸೇರಿ ಅದನ್ನು ಕಟ್ಟುವುದಿಲ್ಲ ಎಂದರು. ಜಗತ್ತಿನ ತುಂಬ ಬೆಲೆ ಕುಸಿದ ಕಾಲ. ಬೇಕೆಂದರೂ ಕಟ್ಟಲು ಕೈಯಲ್ಲಿ ಏನಿತ್ತೋ ದೇವರಿಗೇ ಗೊತ್ತು. ಆದರೆ ಇಲ್ಲದ್ದಕ್ಕೆ ಕೊಡಲಿಲ್ಲ ಎನ್ನುವುದು ಬೇರೆ, ಕೊಡುವುದಿಲ್ಲ ಎನ್ನುವುದು ಬೇರೆ. ಸರ್ಕಾರ ಎರಡನೆಯದನ್ನೇ ಕೇಳಿಸಿಕೊಂಡಿತು. ಜಮೀನು, ದನ, ಪಾತ್ರೆ, ಕೊಯ್ದಿಟ್ಟ ಫಸಲು ಎಲ್ಲ ಜಪ್ತಿಯಾಯಿತು, ಹರಾಜಾಯಿತು.

ಹರಾಜಿನಲ್ಲಿ ಆ ಜಮೀನು ಕೊಂಡವರಿದ್ದರಲ್ಲ, ಅವರ ಮನೆ ಬಾಗಿಲಿಗೆ 1932ರಲ್ಲಿ ನಮ್ಮ ತಾಲೂಕಿನ ಹೆಂಗಸರು ಹೋಗಿ ಉಪವಾಸ ಕೂತರು. ಜೋಗದ ಹತ್ತಿರ ಮಾವಿನಗುಂಡಿಯಲ್ಲಿ ಅವರ ನೆನಪಿಗೆ ಸ್ಮಾರಕವಿದೆ. ಅವರದ್ದು ಘೋಷಣೆಯಿಲ್ಲದ, ಕಲ್ಲೆಸೆತವಿಲ್ಲದ ಹೋರಾಟ. ಅಂಗಳಕ್ಕೆ ಹೋಗುವುದು, ಕೂರುವುದು, ಊಟ ಬಿಡುವುದು. 1934ರಲ್ಲಿ ಹರಿಜನ ಯಾತ್ರೆಯ ದಾರಿಯಲ್ಲಿ ಗಾಂಧೀಜಿ ಸಿದ್ದಾಪುರಕ್ಕೆ ಬಂದಿದ್ದರು. ಉಪವಾಸದ ವಿದ್ಯೆಯಲ್ಲಿ ಅವರಿಗೆ ಹೊಸತಾಗಿ ಕಲಿಸುವುದೇನೂ ನಮ್ಮಲ್ಲಿರಲಿಲ್ಲ ಎನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಈ ವಿಷಯದಲ್ಲಿ ನನ್ನದೇ ಒಂದು ಸಿದ್ಧಾಂತವಿದೆ. ನಮ್ಮ ಸೀಮೆಯಲ್ಲಿ ಮನೆಗೆ ಬಂದವರು ಜಗಲಿ ಹತ್ತುವ ಮೊದಲೇ "ಆಸ್ರಿಗೆ ಎಂತ ಬೇಕು?", ಅಂದರೆ ಬಾಯಾರಿಕೆಗೆ ಏನು ಬೇಕು, ಎಂದು ಕೇಳದಿದ್ದರೆ ಆ ಮನೆಗೆ ಹೆಣ್ಣು ಸಿಗುವುದು ಕಷ್ಟ. ಅಂಥ ಊರಿನಲ್ಲಿ ಪರಿಚಯದ ಹೆಂಗಸೊಬ್ಬಳು ನಿಮ್ಮ ಅಂಗಳದಲ್ಲಿ ಹನಿ ಆಸರಿ ಮುಟ್ಟದೆ ಬೆಳಗಿಂದ ಸಂಜೆಯವರೆಗೆ ಕೂತಿದ್ದರೆ ಒಳಗಿನವರ ಗಂಟಲಲ್ಲಿ ಅನ್ನ ಇಳಿಯುವುದಾದರೂ ಹೇಗೆ? ಕೂತವಳಿಗಿಂತ ಮೊದಲು ಮನೆಯೊಳಗಿನ ಅತ್ತೆ ಸೊಸೆಯರು ಸೋತಿರುತ್ತಾರೆ. ಈ ಅಸ್ತ್ರ ಲಂಡನ್ನಿನ ರಸ್ತೆಯಲ್ಲಿ ಹಾರುವುದಿಲ್ಲ. ಉಪಚಾರ ಇದ್ದಲ್ಲಿ ಮಾತ್ರ ಉಪವಾಸಕ್ಕೆ ಬೆಲೆ.

ಆಮೇಲೂ ನಮ್ಮವರು ಇದೇ ಜಾಡಿನವರು. ಬೇಡ್ತಿ ನದಿಗೆ ಅಣೆಕಟ್ಟು ಬರುತ್ತದೆಂದಾಗ 1981ರಲ್ಲಿ ಸಿರ್ಸಿಯಲ್ಲಿ ವಿಜ್ಞಾನಿಗಳನ್ನು ಕರೆದು ವಿಚಾರಗೋಷ್ಠಿ ಮಾಡಿದರು. 1983ರಲ್ಲಿ ಸಾಲ್ಕಣಿಯ ಕಡೆ ಮರ ಕಡಿಯುವವರು ಬಂದಾಗ ಮರವನ್ನೇ ಅಪ್ಪಿಕೊಂಡರು. ಒಟ್ಟಿನಲ್ಲಿ ಕೈ ಎತ್ತುವುದಿಲ್ಲ, ಜಾಗವನ್ನೂ ಬಿಡುವುದಿಲ್ಲ.

ನಮ್ಮ ಅಮ್ಮಮ್ಮ, ಅಪ್ಪಯ್ಯನ ತಾಯಿ, ಮಾವಿನಗುಂಡಿಗೆ ಹೋದವಳಲ್ಲ. ಅವಳ ಹೋರಾಟವೆಲ್ಲ ಬಚ್ಚಲಮನೆಯಲ್ಲೇ ಮುಗಿದಿತ್ತು. ಮನೆಯಲ್ಲಿ ನಡೆದು ಬಂದ ಕತೆ ಹೀಗಿದೆ. ಜಪ್ತಿಗೆ ಕಾರಕೂನ ಬಂದ. ಜಪ್ತಿ ಮಾಡುವಂಥದ್ದು ಇದ್ದದ್ದು ಒಂದೇ: ಒಲೆಯ ಮೇಲೆ ಕೂರಿಸಿದ್ದ ದೊಡ್ಡ ತಾಮ್ರದ ಹಂಡೆ. ಅವನು ಅಂಗಳ ದಾಟುವಷ್ಟರಲ್ಲಿ ಅಮ್ಮಮ್ಮ ಒಲೆಗೆ ಇನ್ನೆರಡು ಕುಂಟೆ ದೂಡಿ, ಹಂಡೆಯ ಕಂಠದವರೆಗೆ ನೀರು ತುಂಬಿಸಿದ್ದಳು. "ಹೇಗೂ ನಡೆದು ದಣಿದು ಬಂದಿದ್ದೀರಿ, ನೀರು ಕಾದಿದೆ, ಮೊದಲು ಮಿಂದುಕೊಳ್ಳಿ" ಎಂದಳಂತೆ. ಮಳೆಗಾಲದ ಕೆಸರಿನಲ್ಲಿ ಬಂದ ಮನುಷ್ಯ, ಮಿಂದ. ಮಿಂದವನಿಗೆ ಆಸರಿ ಕೊಡದೆ ಕಳಿಸುವುದುಂಟೆ? ದೋಸೆ, ಜೋನಿಬೆಲ್ಲ ಕೊಟ್ಟಳು. ತಿಂದ. ಅಷ್ಟಾದರೂ ಹಂಡೆ ಕೈ ಮುಟ್ಟುವ ಹಾಗಿರಲಿಲ್ಲ. ಸಂಜೆಯವರೆಗೆ ಜಗಲಿಯಲ್ಲಿ ಕೂತು, ಕವಳ ಹಾಕಿ, ಅದು ಆರಿದ ಮೇಲೆ ಹೊರಿಸಿಕೊಂಡು ಹೋದ. ಬ್ರಿಟಿಷ್ ಸಾಮ್ರಾಜ್ಯವನ್ನು ಒಂದು ಮಧ್ಯಾಹ್ನದ ಮಟ್ಟಿಗೆ ತಡೆದು ನಿಲ್ಲಿಸಿದೆವು ಎಂಬುದು ನಮ್ಮ ಮನೆತನದ ಹೆಮ್ಮೆ. 1937ರಲ್ಲಿ ಮುಂಬಯಿ ಪ್ರಾಂತಕ್ಕೆ ಖೇರ್ ಮಂತ್ರಿಮಂಡಲ ಬಂದ ಮೇಲೆ ಜಮೀನು ಕಳೆದುಕೊಂಡವರಿಗೆ ಅದನ್ನು ಮರಳಿ ಕೊಡಿಸುವ ಕೆಲಸ ನಡೆಯಿತು. ಹಂಡೆಯ ವಿಚಾರ ಯಾವ ಮಂತ್ರಿಮಂಡಲವೂ ಎತ್ತಲಿಲ್ಲ.

ಇದೇ ಅಮ್ಮಮ್ಮ ಪ್ರತಿ ದೀಪಾವಳಿಗೆ ಐದನೇ ಜಾರ್ಜ್ ದೊರೆಯ ತಲೆಯಿದ್ದ ಬೆಳ್ಳಿ ರೂಪಾಯಿಗಳನ್ನು ಪೆಟ್ಟಿಗೆಯಿಂದ ತೆಗೆದು, ಹಾಲಿನಲ್ಲಿ ತೊಳೆದು, ದೊರೆಯ ಗಡ್ಡದ ಮೇಲೆ ಕುಂಕುಮ ಹಚ್ಚಿ ಲಕ್ಷ್ಮೀಪೂಜೆ ಮಾಡುತ್ತಿದ್ದಳು. ಹಂಡೆ ಒಯ್ದವನೂ ಅವನೇ ಅಲ್ಲವೇ ಎಂದು ಕೇಳಿದರೆ, "ಹಂಡೆ ಒಯ್ದದ್ದು ಕಾರಕೂನ. ಬೆಳ್ಳಿ ಎಂತ ಮಾಡಿತ್ತು?" ಎನ್ನುತ್ತಿದ್ದಳು. ರಾಜಕೀಯ ಮತ್ತು ಅರ್ಥಶಾಸ್ತ್ರವನ್ನು ಇಷ್ಟು ಚೊಕ್ಕವಾಗಿ ಬೇರೆ ಮಾಡಿದವರನ್ನು ನಾನು ಮತ್ತೆ ಕಂಡಿಲ್ಲ.

ಸರಿ, ಇಂಥ ಹಂಡೆಯ ಮೊಮ್ಮಗಳು ಚಾರ್ಲ್ಸ್ ದೊರೆಗಾಗಿ ಕಪ್ಪು ತೊಳೆಯುವುದೆ? ಏನಾದರೂ ಮಾಡಲೇಬೇಕಿತ್ತು. ದೊಡ್ಡದೇನೂ ಬೇಡ. ಮೊಮ್ಮಗುವಿನ ಹನ್ನೆರಡು ಗಂಟೆಯ ಹಾಲಿನೊಳಗೆ ಮುಗಿಯುವಂಥದ್ದು ಸಾಕು.

ಮೊದಲ ಅವಕಾಶ ಭವನದ ಅಡುಗೆಮನೆಯಲ್ಲೇ ಸಿಕ್ಕಿತು. ಪಟ್ಟಾಭಿಷೇಕಕ್ಕೆಂದು ಅರಮನೆಯೇ ಒಂದು ತಿಂಡಿಯನ್ನು ಆರಿಸಿ ಪಾಕವಿಧಾನ ಹೊರಡಿಸಿತ್ತು. ಕೀಶ್ ಎಂದು ಹೆಸರು. ಹಿಟ್ಟಿನ ತಳ, ಅದರೊಳಗೆ ಪಾಲಕ್, ದಪ್ಪ ಅವರೆಯಂಥ ಬೀನ್ಸು, ಟ್ಯಾರಗನ್ ಎಂಬ ಸೊಪ್ಪು, ಚೀಸು, ಮೊಟ್ಟೆ. ಹಿಂದಿನ ರಾಣಿಯ 1953ರ ಪಟ್ಟಾಭಿಷೇಕಕ್ಕೆ ಕೋಳಿಗೆ ಕರಿಪುಡಿ ಬೆರೆಸಿ ಹುಟ್ಟಿಸಿದ ತಿಂಡಿ ಇಂದಿಗೂ ಅಂಗಡಿಗಳಲ್ಲಿ ಸಿಗುತ್ತದೆ. ಈ ಸಲ ಸಸ್ಯಾಹಾರಿಗಳನ್ನೂ ಸೇರಿಸಿಕೊಳ್ಳೋಣ ಎಂಬ ಧಾರಾಳ ಬುದ್ಧಿ. ಆದರೆ ಪಾಕವಿಧಾನದ ಹಿಟ್ಟಿನ ಭಾಗ ಓದಿದರೆ ಬೆಣ್ಣೆಯ ಜತೆ 25 ಗ್ರಾಂ ಲಾರ್ಡ್ ಎಂದಿದೆ. ಲಾರ್ಡ್ ಎಂದರೆ ಹಂದಿಯ ಕೊಬ್ಬು. 1857ರಲ್ಲಿ ತೋಟಾಗಳಿಗೆ ಸವರಿದ ಕೊಬ್ಬಿನಿಂದ ಅಷ್ಟೆಲ್ಲ ರಾಮಾಯಣವಾದರೂ ಈ ಜನ ಪಾಠ ಕಲಿತಿಲ್ಲ ನೋಡಿ.

ನಾನು ಮುಟ್ಟುವುದಿಲ್ಲ ಎಂದೆ. ತುಸು ದನಿ ಏರಿಸಿಯೇ ಹೇಳಿದೆ. ಯಾರಾದರೂ ಏಕೆಂದು ಕೇಳಲಿ, 1857ರಿಂದ ಶುರುಮಾಡೋಣ ಎಂಬ ಆಸೆ. ಯಾರೂ ಕೇಳಲಿಲ್ಲ. ಭವನವನ್ನು ನೋಡಿಕೊಳ್ಳುವಾಕೆ ಗಲ್ಲಕ್ಕೆ ಕೈ ಹಚ್ಚಿ, "ಅಯ್ಯೋ, ನಿಮ್ಮ ಧರ್ಮ! ಎಷ್ಟು ಸಾರಿ" ಎಂದು ಎರಡು ಸಲ ಕ್ಷಮೆ ಕೇಳಿ, ಮರುದಿನ ನನಗಾಗಿಯೇ ಹಂದಿಯೂ ಇಲ್ಲದ, ಮೊಟ್ಟೆಯೂ ಇಲ್ಲದ, ರುಚಿಯೂ ಇಲ್ಲದ ಒಂದು ಕೇಕು ಮಾಡಿ ತಂದಳು. ಮೇಲೆ ಸಕ್ಕರೆಯಲ್ಲಿ ಕಿರೀಟ ಬರೆದಿದ್ದಳು. ಅಷ್ಟು ಪ್ರೀತಿಯಿಂದ ತಂದದ್ದನ್ನು ತಿನ್ನದೆ ಬಿಡುವುದು ಹೇಗೆ? ಕಿರೀಟವನ್ನೇ ಮೊದಲು ತಿಂದೆ. ಅಷ್ಟರಮಟ್ಟಿಗೆ ಸಮಾಧಾನ.

ಎರಡನೆಯ ಅವಕಾಶವನ್ನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರು ತಾವಾಗಿಯೇ ಒದಗಿಸಿದರು. ಪಟ್ಟಾಭಿಷೇಕದಲ್ಲಿ ಹಿಂದಿನಿಂದ ನಡೆದುಬಂದ ಒಂದು ಪದ್ಧತಿ: ದೊಡ್ಡ ದೊಡ್ಡ ಮನೆತನದವರು ರಾಜನ ಮುಂದೆ ಮಂಡಿಯೂರಿ ನಿಷ್ಠೆಯ ಮಾತು ಕೊಡುವುದು. ಈ ಸಲ ಅದನ್ನು ಪ್ರಜಾಪ್ರಭುತ್ವದ ಕಾಲಕ್ಕೆ ಹೊಂದಿಸಿ, ಟೀವಿ ನೋಡುತ್ತಿರುವ ಸಾಮಾನ್ಯರೂ ಕೂತಲ್ಲಿಂದಲೇ ರಾಜನಿಗೂ ಅವನ ವಾರಸುದಾರರಿಗೂ ನಿಷ್ಠೆಯ ಪ್ರಮಾಣ ಮಾಡಬಹುದು ಎಂದು ಒಂದು ವಾರ ಮೊದಲು ಪ್ರಕಟಿಸಿದರು. ಬ್ರಿಟನ್ನು ಮಾತ್ರವಲ್ಲ, ಅವನು ರಾಜನಾಗಿರುವ ಉಳಿದ ದೇಶಗಳವರೂ ಮಾಡಬಹುದಂತೆ. ಪ್ರಜೆಗಳೆಲ್ಲ ಸಮಾನವಾಗಿ ಬಗ್ಗುವ ಅವಕಾಶ. ಅಲ್ಲಿನ ಪೇಪರುಗಳಲ್ಲಿ ಇದೇ ಜಗಳ. ನಮ್ಮ ಭವನದಲ್ಲಿ ದೊಡ್ಡ ಪರದೆ ಹಾಕಿ ಎಲ್ಲರೂ ಸೇರಿ ನೋಡುವುದು, ಆ ಹೊತ್ತಿಗೆ ಎದ್ದು ನಿಲ್ಲುವುದು, ಇಷ್ಟವಿದ್ದವರು ಹೇಳುವುದು, ಕೊನೆಗೆ ರಾಷ್ಟ್ರಗೀತೆ ಎಂದು ತೀರ್ಮಾನವಾಯಿತು.

ನಾನು ಏಳುವುದಿಲ್ಲ ಎಂದು ಮಗಳಿಗೆ ಹೇಳಿದೆ. ಅವಳು ಗಾಬರಿಯಾದಳು. "ಆಯಿ, ನಿಂಗೆ ವೀಸಾ ಕೊಟ್ಟಿದ್ದು ಬಾಣಂತನಕ್ಕೆ, ಸತ್ಯಾಗ್ರಹಕ್ಕಲ್ಲ. ಎಂತದೂ ಮಾಡಡ." ಇದನ್ನು ಹೇಳಿದ ಮಗಳು ಮೇ 4ರಂದು, ಗುರುವಾರ, ಭಾರತದ ಪಾಸ್‌ಪೋರ್ಟನ್ನೇ ಗುರುತಿಗೆ ತೋರಿಸಿ ಅಲ್ಲಿನ ಸ್ಥಳೀಯ ಚುನಾವಣೆಯಲ್ಲಿ ವೋಟು ಹಾಕಿ ಬಂದಿದ್ದಳು. ಕಾಮನ್‌ವೆಲ್ತ್ ದೇಶದವರು ಅಲ್ಲಿ ವಾಸವಾಗಿದ್ದರೆ ವೋಟು ಹಾಕಬಹುದು. 1949ರಲ್ಲಿ ನೆಹರೂ ಲಂಡನ್ನಿಗೆ ಹೋಗಿ, ನಾವು ಗಣರಾಜ್ಯವೇ ಆಗುತ್ತೇವೆ, ಆದರೂ ಕೂಟ ಬಿಡುವುದಿಲ್ಲ ಎಂದು ಒಪ್ಪಿಸಿ ಬಂದದ್ದರ ಫಲ ಇದು. ರಾಜನನ್ನು ಬಿಟ್ಟು ರಾಜನ ಊರಿನ ವೋಟನ್ನು ಇಟ್ಟುಕೊಂಡದ್ದು ಒಳ್ಳೆಯ ವ್ಯವಹಾರವೇ.

ಶನಿವಾರ ಬೆಳಗಿನಿಂದ ಮಳೆ. ನಮ್ಮ ಕಡೆಯ ಮಳೆಯಲ್ಲ. ಬಿದ್ದದ್ದು ಗೊತ್ತಾಗದಂತೆ ಬಿದ್ದು, ಒದ್ದೆ ಮಾಡಿ ಹೋಗುವ ಮಳೆ. ಭವನದ ತುಂಬ ಪತಾಕೆಯ ಸರ. ಅದರಲ್ಲಿ ಅರ್ಧ ಧ್ವಜಗಳನ್ನು ತಲೆಕೆಳಗಾಗಿಯೇ ಹೊಲಿದಿದ್ದರು. ಅವರ ಧ್ವಜಕ್ಕೂ ತಲೆ ಕಾಲು ಇದೆ. ಕಂಬದ ಕಡೆಗೆ ಅಗಲದ ಬಿಳಿ ಪಟ್ಟೆ ಮೇಲೆ ಬರಬೇಕು. ಧ್ವಜವನ್ನು ನಾನೇ ತಿರುಗಿಸಿ ಹಾಕಿದರೆ ಹೇಗೆ ಎಂದು ಯೋಚಿಸಿದ್ದೆ. ಕಾರ್ಖಾನೆಯವರು ಆ ಅವಕಾಶವನ್ನು ನನ್ನಿಂದ ಕಿತ್ತುಕೊಂಡಿದ್ದರು.

ಹನ್ನೊಂದಕ್ಕೆ ಶುರುವಾಯಿತು. ಸುಳ್ಳು ಹೇಳಬಾರದು, ನೋಡಲು ಚಂದವೇ ಇತ್ತು. ನಮ್ಮದೇ ಹಣೆಪಟ್ಟಿಯ ರಿಷಿ ಸುನಕ್ ಪ್ರಧಾನಿಯಾಗಿ ನಿಂತು ಬೈಬಲ್ಲಿನ ಭಾಗ ಓದಿದರು. ಪೆನ್ನಿ ಮೋರ್ಡಂಟ್ ಎಂಬ ಮಂತ್ರಿಣಿ ಮೂರೂವರೆ ಕಿಲೋದ ಕತ್ತಿಯನ್ನು ತೋಳು ನಡುಗದಂತೆ ಎತ್ತಿ ಹಿಡಿದೇ ನಿಂತಿದ್ದಳು. ನಮ್ಮ ಭವನದ ಹೆಂಗಸರಿಗೆ ರಾಜನಿಗಿಂತ ಅವಳ ಮೇಲೆಯೇ ಕಣ್ಣು. ರಾಣಿಯ ಕಿರೀಟದಲ್ಲಿ ಕೊಹಿನೂರ್ ಇರಲಿಲ್ಲ. ಗಲಾಟೆಯೇ ಬೇಡವೆಂದು ಈ ಸಲ ಬಿಟ್ಟಿದ್ದರು. ಬದಲಿಗೆ ದಕ್ಷಿಣ ಆಫ್ರಿಕದ ಕಲಿನನ್ ವಜ್ರದ ತುಂಡುಗಳಿದ್ದವು. ಒಬ್ಬರ ಮನೆಯ ಆಭರಣಕ್ಕೆ ತಕರಾರು ಬಂದರೆ ಮತ್ತೊಬ್ಬರ ಮನೆಯದ್ದನ್ನು ಹಾಕಿಕೊಂಡು ಮದುವೆಗೆ ಹೋಗುವಷ್ಟು ಅನುಕೂಲ ಆ ಪೆಟ್ಟಿಗೆಯಲ್ಲಿದೆ.

ನನಗೆ ನಿರಾಸೆಯಾದದ್ದು ಅಭಿಷೇಕದಲ್ಲಿ. ಜೆರುಸಲೇಮಿನಲ್ಲಿ ಪವಿತ್ರ ಮಾಡಿಸಿ ತಂದ ಎಣ್ಣೆ ಎಂದರು. ಸುತ್ತ ಪರದೆ ಹಿಡಿದರು. ಕೈಗಿಷ್ಟು, ಎದೆಗಿಷ್ಟು, ತಲೆಗಿಷ್ಟು ಸವರಿ ಮುಗಿಸಿದರು. ಅಂದು ಬೆಳಿಗ್ಗೆಯೇ ಮೊಮ್ಮಗುವಿನ ನೆತ್ತಿಗೆ ಅರ್ಧ ಬಟ್ಟಲು ಎಣ್ಣೆ ತಟ್ಟಿ ಬಂದವಳಿಗೆ ಇದು ಯಾವ ಲೆಕ್ಕ? ಎಪ್ಪತ್ತು ದಾಟಿದ ಮನುಷ್ಯ, ಎರಡು ಕಿಲೋಗೂ ಮೇಲಿನ ಕಿರೀಟ ಹೊರಬೇಕಾದವನು. ಕುತ್ತಿಗೆಗಾದರೂ ನಾಲ್ಕು ಹನಿ ಜಾಸ್ತಿ ತಿಕ್ಕಬೇಡವೆ?

ಕಿರೀಟವಿಟ್ಟಾಯಿತು. ಪ್ರಮಾಣದ ಹೊತ್ತು ಬಂತು. ಎಲ್ಲರೂ ಎದ್ದರು. ನಾನು ಕುರ್ಚಿಯ ಎರಡೂ ಕೈ ಗಟ್ಟಿಯಾಗಿ ಹಿಡಿದು ಕೂತೆ. ಆಗ ಆರ್ಚ್‌ಬಿಷಪ್ಪರು ಎಂಥ ಕೆಲಸ ಮಾಡಿದರು ಗೊತ್ತೇ? ವಾರವಿಡೀ ನಡೆದ ಜಗಳಕ್ಕೆ ಬೆಚ್ಚಿ ಮಾತನ್ನೇ ಸಡಿಲಿಸಿದ್ದರು. ಬೆಂಬಲ ಸೂಚಿಸಬೇಕೆನ್ನಿಸಿದವರು ಮನಸ್ಸಿನಲ್ಲೇ ಒಂದು ಕ್ಷಣ ನೆನೆದು, ಕೊನೆಯಲ್ಲಿ ದೊರೆಯನ್ನು ದೇವರು ಕಾಪಾಡಲಿ ಎಂದರೂ ಸಾಕು ಎಂದರು. ಪರರ ಅಂಗಳದಲ್ಲಿ ಉಪವಾಸ ಕೂರಲು ಗಂಟು ಕಟ್ಟಿಕೊಂಡು ಹೋದವಳಿಗೆ, ಮನೆಯವರು ಬೀಗ ಹಾಕಿ ನೆಂಟರ ಮನೆಗೆ ಹೋಗಿದ್ದಾರೆಂದು ತಿಳಿದ ಹಾಗಾಯಿತು. ಇರಲಿ, ರಾಷ್ಟ್ರಗೀತೆ ಇನ್ನೂ ಇತ್ತಲ್ಲ. ಅದಕ್ಕೂ ಎಲ್ಲರೂ ನಿಂತರು, ನಾನು ಕೂತೇ ಇದ್ದೆ. ಎದೆ ಡವಗುಟ್ಟುತ್ತಿತ್ತು. ಅರವತ್ತು ದಾಟಿದ ಮೇಲೆ ಸರ್ಕಾರದ ವಿರುದ್ಧ ನಾನು ಮಾಡಿದ ಮೊದಲ ಕೆಲಸ ಅದು. ಅದೂ ಪರರ ಸರ್ಕಾರ.

ಹೆಗಲ ಮೇಲೆ ಒಂದು ಕೈ ಬಿತ್ತು. ಬಂತು, ಎಂದುಕೊಂಡೆ. ನೋಡಿಕೊಳ್ಳುವಾಕೆ ಬಗ್ಗಿ, ಹಾಡಿನ ನಡುವೆಯೇ, ಕಿವಿಯಲ್ಲಿ ಹೇಳಿದಳು: "ಏಳಬೇಡಿ, ಏಳಬೇಡಿ. ಮಂಡಿ ಅಲ್ಲವೇ? ನನ್ನ ಅಮ್ಮನಿಗೂ ಹೀಗೇ."

ನಾನು ಬಾಯಿ ತೆರೆಯುವಷ್ಟರಲ್ಲಿ ಇನ್ನೊಬ್ಬಳು ಕಾಲಿಡಲು ಸಣ್ಣ ಮಣೆ ತಂದಳು. ಮತ್ತೊಬ್ಬಳು ಬೆನ್ನಿಗೆ ದಿಂಬು ಕೊಟ್ಟಳು. ಬ್ರಿಟಿಷ್ ರಾಷ್ಟ್ರಗೀತೆ ಮುಗಿಯುವ ಹೊತ್ತಿಗೆ ಇಡೀ ಭವನದಲ್ಲಿ ನನ್ನಷ್ಟು ಆರಾಮಾಗಿ ಕೂತವರು ಯಾರೂ ಇರಲಿಲ್ಲ, ಬಹುಶಃ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಆ ಹಳೆಯ ಮರದ ಸಿಂಹಾಸನದ ಮೇಲೆ ಅಂದು ಕೂತೆದ್ದವನೂ ಸೇರಿದಂತೆ.

ನಾನೊಬ್ಬಳೇ ಅಲ್ಲ ಎಂಬುದನ್ನು ಆಗ ಗಮನಿಸಿದೆ. ಮೂಲೆಯಲ್ಲಿ ತಂತಿಕಟ್ಟಿನ ಕನ್ನಡಕದ ಮುದುಕರೊಬ್ಬರು ಕೂತೇ ಇದ್ದರು. ನನ್ನ ಕಡೆ ನೋಡಿ ಒಂದು ಕಣ್ಣು ಮಿಟುಕಿಸಿದರು. ಆಹಾ, ಬ್ರಿಟಿಷರಲ್ಲೂ ನಮ್ಮವರಿದ್ದಾರೆ! ಎಲ್ಲ ಚಹಾದ ಕಡೆ ಹೋದಾಗ ಹತ್ತಿರ ಹೋಗಿ ಮೆಲ್ಲನೆ, "ನಾನೂ ಅದೇ ಕಾರಣಕ್ಕೆ" ಎಂದೆ. "ಎಡಗಾಲೋ ಬಲಗಾಲೋ?" ಎಂದು ಕೇಳಿದರು. ಅವರದ್ದು ಸೊಂಟದ ಆಪರೇಷನ್ನಂತೆ. ಎದ್ದು ನಿಲ್ಲಲಾಗಲಿಲ್ಲವಲ್ಲ ಎಂದು ಕಣ್ಣು ತುಂಬಿಕೊಂಡಿದ್ದರು. ಕಣ್ಣು ಮಿಟುಕಿಸಿದ್ದು ಆ ನೀರಿಗೆ. ಇತ್ತ ಅತಿ ಗಟ್ಟಿಯಾಗಿ ಹಾಡಿದ್ದ ನೋಡಿಕೊಳ್ಳುವಾಕೆ ಸಿಂಕಿನ ಹತ್ತಿರ ಕಪ್ಪು ಒರೆಸುತ್ತ, ತನಗೆ ರಾಜ ರಾಣಿ ಯಾರೂ ಬೇಡ, ಇದೆಲ್ಲ ದಂಡದ ಖರ್ಚು ಎಂದಳು. ಮತ್ತೆ ಎದ್ದು ನಿಂತೆಯಲ್ಲ ಮಾರಾಯ್ತಿ ಎಂದರೆ, "ಎಲ್ಲರೂ ಎದ್ದರಲ್ಲ" ಎಂದಳು.

ಸಂಜೆ ಸುದ್ದಿ ಬಂತು. 'ನಾಟ್ ಮೈ ಕಿಂಗ್' ಎಂಬ ಹಳದಿ ಫಲಕ ಹಿಡಿಯಲು ಹೋದವರನ್ನು ಲಂಡನ್ನಿನಲ್ಲಿ ಬೆಳಿಗ್ಗೆಯೇ ಪೊಲೀಸರು ಹಿಡಿದೊಯ್ದಿದ್ದರು. 'ರಿಪಬ್ಲಿಕ್' ಸಂಘಟನೆಯ ಮುಖ್ಯಸ್ಥ ಗ್ರಹಾಂ ಸ್ಮಿತ್ ಕೂಡ ಅವರಲ್ಲಿದ್ದರು. ಪ್ರತಿಭಟನೆಗಾರರು ತಮ್ಮನ್ನು ಕಂಬಕ್ಕೋ ಬೇಲಿಗೋ ಬಿಗಿದುಕೊಳ್ಳುವುದು ಅಪರಾಧವೆಂಬ ಕಾನೂನಿಗೆ ಅದೇ ವಾರ ರಾಜನ ಒಪ್ಪಿಗೆಯ ಮುದ್ರೆ ಬಿದ್ದಿತ್ತು. ಫಲಕಗಳ ಕಟ್ಟಿಗೆ ಸುತ್ತಿದ್ದ ಲಗೇಜು ಪಟ್ಟಿಯನ್ನು ಕಂಡು ಪೊಲೀಸರು ಬಿಗಿದುಕೊಳ್ಳಲೆಂದೇ ತಂದದ್ದೆಂದು ಅನುಮಾನಿಸಿದರಂತೆ. ಆಮೇಲೆ ವಿಷಾದವನ್ನೂ ಸೂಚಿಸಿದರು. ಮಗಳು ಸುದ್ದಿ ಓದಿದವಳೇ ಎದ್ದು ಹೋಗಿ, ಬಿಳಗಿಯಿಂದ ನನ್ನ ಸೂಟ್‌ಕೇಸಿಗೆ ಬಿಗಿದು ತಂದಿದ್ದ ದನ ಕಟ್ಟುವ ನೈಲಾನ್ ಹಗ್ಗವನ್ನು ಅಟ್ಟದ ಮೇಲೆ ಮುಚ್ಚಿಟ್ಟಳು.

ರಾತ್ರಿ ಯಜಮಾನರಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದೆ. ಊರಿನಲ್ಲಿ ಅದು ವಿಧಾನಸಭಾ ಚುನಾವಣೆಯ ಬಿಸಿ, ಮೇ 10ಕ್ಕೆ ಮತದಾನ. ಅವರು ಎರಡು ಕ್ಷಣ ಸುಮ್ಮನಿದ್ದು, "ನೀ ಅಲ್ಲಿ ಕೂತ್ಕಂಡ್ರೆ ಇಲ್ಲಿ ಯಾರಿಗೂ ಎಂತೂ ಆಗ್ತಿಲ್ಲೆ. ಬುಧವಾರ ಇಲ್ಲಿದ್ದಿದ್ರೆ ಒಂದು ವೋಟಾದ್ರೂ ಬೀಳ್ತಿತ್ತು" ಎಂದರು. ಆ ಸಲ ನಮ್ಮ ಸಿರ್ಸಿ ಕ್ಷೇತ್ರದಲ್ಲಿ ವಿಧಾನಸಭೆಯ ಅಧ್ಯಕ್ಷರೇ ಸೋತರು. ನನ್ನ ವೋಟಿನಿಂದ ಏನೂ ವ್ಯತ್ಯಾಸವಾಗುತ್ತಿರಲಿಲ್ಲ ಎಂದು ಲೆಕ್ಕ ತೋರಿಸಿದರೂ ಅವರು ಇವತ್ತಿಗೂ ಒಪ್ಪಿಲ್ಲ.

ಭವನದಲ್ಲಿ ಅಲ್ಲಿಂದ ಮುಂದೆ ನಾನು ಮಂಡಿನೋವಿನವಳು. ಸೋಮವಾರದ ದೊಡ್ಡ ಸೇವಾದಿನಕ್ಕೆ ನನಗೆ ಕೂತು ಮಾಡುವ ಕೆಲಸವೇ ಬಂತು. ಒಬ್ಬರು ಮುಲಾಮು ತಂದರು, ಒಬ್ಬರು ಊರುಗೋಲು ತರಲೇ ಎಂದರು. ಕಾಲು ಸರಿಯಿದೆ ಎಂದರೆ, ನೋವು ನುಂಗಿಕೊಳ್ಳುವ ಭಾರತೀಯ ಹೆಣ್ಣಿನ ಸಹನೆಯನ್ನು ಹೊಗಳಿದರು. ಮರ್ಯಾದೆಗಾಗಿ ಸ್ವಲ್ಪ ಕುಂಟಲು ಶುರುಮಾಡಿದೆ.

ಕೊನೆಗೆ ತಡೆಯಲಾರದೆ ನೋಡಿಕೊಳ್ಳುವಾಕೆಯ ಎದುರು ಎಲ್ಲ ಬಿಚ್ಚಿಟ್ಟೆ. ಅಂಕೋಲೆ, ಕರನಿರಾಕರಣೆ, ಮಾವಿನಗುಂಡಿ, ಹಂಡೆ, ಕಾರಕೂನ. ನಾನು ಕೂತದ್ದು ಬೇಕೆಂದೇ, ನಿಮ್ಮ ರಾಜನ ವಿರುದ್ಧ, ಎಂದೆ. ಅವಳ ಮುಖ ಅರಳಿತು. "ಎಷ್ಟು ಚಂದದ ಕತೆ! ಇದನ್ನು ಎಲ್ಲರಿಗೂ ಹೇಳಲೇಬೇಕು" ಎಂದವಳೇ ಮುಂದಿನ ವಾರಕ್ಕೆ ಒಂದು ಚಹಾಕೂಟ ಇಟ್ಟು, ಬಾಗಿಲಿಗೆ ನನ್ನ ಹೆಸರಿನ ಚೀಟಿ ಹಚ್ಚಿದಳು. ಸ್ಕೋನು, ಜಾಮು, ನನ್ನ ಬಂಡಾಯ. ಇಂಥ ಜನರನ್ನು ನಮ್ಮ ದೇಶದಿಂದ ಕಳಿಸಲು ಅಷ್ಟು ವರ್ಷ ಯಾಕೆ ಹಿಡಿಯಿತೆಂದು ನನಗೆ ಅರ್ಥವಾದದ್ದು ಆಗ. ಬೈದರೆ ಬೇಜಾರು ಮಾಡಿಕೊಳ್ಳಬೇಕು, ಆಗ ಜಗಳ ಮುಂದುವರಿಯುತ್ತದೆ. ಇವರು ಚಪ್ಪಾಳೆ ತಟ್ಟುತ್ತಾರೆ.

ಹೇಳಿದೆ. ಕಾರಕೂನ ಮಿಂದ ಜಾಗದಲ್ಲಿ ನಕ್ಕರು, ಸಂಜೆಗೆ ಹಂಡೆ ಹೊರಿಸಿಕೊಂಡು ಹೋದ ಜಾಗದಲ್ಲಿ ಸೊಂಟದ ಆಪರೇಷನ್ನಿನ ಮುದುಕರು "ಶೇಮ್!" ಎಂದು ಟೇಬಲ್ಲು ಕುಟ್ಟಿದರು. ಮುಗಿದ ಮೇಲೆ ನೋಡಿಕೊಳ್ಳುವಾಕೆ, ಜನ ದಾನ ಕೊಟ್ಟ ಹಳೆಯ ಸಾಮಾನುಗಳ ಕಪಾಟಿಗೆ ಹೋಗಿ ಒಂದು ತಾಮ್ರದ ಕೆಟಲ್ ತಂದು ನನ್ನ ಕೈಗಿಟ್ಟಳು. ನಾಲ್ಕು ಪೌಂಡಿನ ಚೀಟಿ ಇನ್ನೂ ಅಂಟಿಕೊಂಡಿತ್ತು. "ನಿಮ್ಮ ಅಜ್ಜಿಯ ಹಂಡೆಗೆ" ಎಂದಳು. ಸೋಲಬಾರದ ಜಾಗದಲ್ಲಿ ನನ್ನ ಗಂಟಲು ಕಟ್ಟಿತು.

ಆದರೂ ಬ್ರಿಟಿಷರಿಂದ ಪುಕ್ಕಟೆ ತೆಗೆದುಕೊಂಡರೆಂಬ ಮಾತು ನಮ್ಮ ಮನೆತನಕ್ಕೆ ಬರಬಾರದು. ಪರ್ಸಿನಿಂದ ಹತ್ತು ಪೌಂಡಿನ ನೋಟು ತೆಗೆದು ದಾನದ ಡಬ್ಬಿಗೆ ಹಾಕಲು ಹೋದೆ. ಅವಳು ತಡೆದು ಒಂದು ಫಾರ್ಮು ಮುಂದೆ ಹಿಡಿದಳು. ದಾನ ಕೊಟ್ಟವರು ಅಲ್ಲಿನ ತೆರಿಗೆದಾರರಾಗಿದ್ದರೆ ಪ್ರತಿ ಪೌಂಡಿಗೆ ಇನ್ನೂ 25 ಪೆನ್ಸನ್ನು ಸರ್ಕಾರ ಸಂಸ್ಥೆಗೆ ಸೇರಿಸಿ ಕೊಡುತ್ತದೆ. ಗಿಫ್ಟ್ ಏಡ್ ಎಂದು ಅದರ ಹೆಸರು. ಪೆನ್ನಿನ ಟೊಪ್ಪಿ ತೆಗೆದು, ತುಂಬ ವಿನಯದಿಂದ, ನೀವು ಬ್ರಿಟಿಷ್ ಸರ್ಕಾರಕ್ಕೆ ತೆರಿಗೆ ಕಟ್ಟುತ್ತೀರಾ ಎಂದು ಕೇಳಿದಳು.

ನಾನು ಕುರ್ಚಿಯಿಂದ ಎದ್ದು ನಿಂತೆ.

"ಇಲ್ಲ, ನಾವು ಕಟ್ಟುವುದಿಲ್ಲ" ಎಂದೆ.

"ಪರವಾಗಿಲ್ಲ ಬಿಡಿ" ಎಂದು ಅವಳು 'ಇಲ್ಲ' ಎಂಬ ಚೌಕದಲ್ಲಿ ಗುರುತು ಹಾಕಿಕೊಂಡು, "ಅಷ್ಟು ಅವಸರದಲ್ಲಿ ಏಳಬೇಡಿ, ಮಂಡಿ!" ಎಂದಳು.